ಹೆತ್ತು ಬಳಲಿದ ಮಣ್ಣು

ಯಲಬುರ್ಗಾ
೧೨ ಜನವರಿ ೨೦೨೫

ಅಕ್ಕ,

ಎಷ್ಟೋ ವರ್ಷಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನು ಮಾಡಿದರೆ ಮೂರನೆಯ ಮಾತಿಗೆ ಜಗಳ ಹತ್ತುತ್ತದೆ, ನಾಲ್ಕನೆಯದಕ್ಕೆ ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲಾಗುವುದಿಲ್ಲ ಎಂಬ ಧೈರ್ಯದ ಮೇಲೆ ಪೆನ್ನು ಹಿಡಿದಿದ್ದೇನೆ.

ಒಂದು ಇಂಗ್ಲಿಷ್ ಪದದ ಅರ್ಥ ಬೇಕು. ನೀನು ಗಂಗಾವತಿಯಲ್ಲಿ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸುವವಳು, ತಮ್ಮನಿಗೂ ಒಂದು ಪದ ಕಲಿಸು. ನಮ್ಮ ಎರೆಹೊಲದ ಸುತ್ತಮುತ್ತ ಸೋಲಾರ್ ಕಂಪನಿಯವರು ನೆಲವನ್ನು ಲೀಸಿಗೆ ಹಿಡಿಯುತ್ತಿದ್ದಾರೆ. ಕಂಬ ನೆಡುವ ಮೊದಲು ಮಣ್ಣಿನ ಪರೀಕ್ಷೆ ಆಗಬೇಕಂತೆ. ಎಳ್ಳ ಅಮಾವಾಸ್ಯೆಯ ಮರುದಿನ ಅವರ ಕಡೆಯ ಅಂಜಲಿ ಎಂಬ ಮೇಡಂ ಬಂದು ಮಣ್ಣು ಒಯ್ದರು. ನಾನು ಅಂದು ಕೊಪ್ಪಳಕ್ಕೆ ಹೋಗಿದ್ದೆ, ಮನೆಯಲ್ಲಿ ಅತ್ತೆ ಸೊಸೆ, ಅವ್ವ ಮತ್ತು ಕವಿತಾ, ಇಬ್ಬರೇ ಇದ್ದರು. ನಿನ್ನೆ ಮೇಡಂ ನನ್ನ ಮೊಬೈಲಿಗೆ ಕಳಿಸಿದ್ದು ಇಷ್ಟು: ಉಪ್ಪಿನಂಶ ವಿಪರೀತ, ಬೇಸಾಯಕ್ಕೆ ಬಾರದು, ಎಫೀಟ್ ಸಾಯಿಲ್.

ಉಪ್ಪು ತಿಳಿಯಿತು. ಆ ಎಫೀಟ್ ಏನು? ಎರಡು ವರ್ಷ ಕಡಲೆ ಕೈಕೊಟ್ಟಿತು. ಈ ಸಲದ ಜೋಳ ನಿಂತಿದೆ, ಆದರೆ ನನಗೆ ಒಳಗೊಳಗೇ ಭಯ. ಅಪ್ಪನ ಹೊಲ ನನ್ನ ಕೈಯಲ್ಲಿ ಸತ್ತಿತೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ. ಸತ್ತಿದ್ದರೆ ಲೀಸಿಗೆ ಕೊಡುವುದೇ ದಾರಿ. ಪಹಣಿಯಲ್ಲಿ ನಿನ್ನ ಹೆಸರೂ ಇರುವುದರಿಂದ ನಿನ್ನ ಸಹಿ ಬೇಕಾಗುತ್ತದೆ. ಅದನ್ನು ಆಮೇಲೆ ಮಾತಾಡೋಣ, ಮೊದಲು ಅರ್ಥ ಹೇಳು.

ಅವ್ವ ಗಟ್ಟಿಯಾಗಿದ್ದಾಳೆ. ಮಾಮಾಗೆ ನಮಸ್ಕಾರ ಹೇಳು.

ನಿನ್ನ ತಮ್ಮ,
ಪ್ರಭುರಾಜ

•

ಗಂಗಾವತಿ
೨೦ ಜನವರಿ ೨೦೨೫

ಪ್ರಭು,

ನಿನ್ನ ಪತ್ರ ನೋಡಿ ಮೊದಲು ಸಂತೋಷವಾಯಿತು. ಎರಡನೆಯ ಸಲ ಓದಿದಾಗ ಸಹಿಯ ಮಾತು ಕಣ್ಣಿಗೆ ಬಿತ್ತು. ಆರು ವರ್ಷ ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಒಂದು ಸಾಲು ಬರೆದು ಕೇಳದವನಿಗೆ ಈಗ ಪದದ ಅರ್ಥ ಬೇಕಾಗಿದೆ. ನಿನ್ನ ಕೈಯಲ್ಲೇ ಮೊಬೈಲ್ ಇದೆ, ಅದರಲ್ಲಿ ಸಾವಿರ ನಿಘಂಟುಗಳಿವೆ. ನನ್ನನ್ನೇ ಕೇಳಬೇಕೆಂದು ಯಾರು ಹೇಳಿಕೊಟ್ಟರು? ಮಕ್ಕಳಿಲ್ಲದ ಅಕ್ಕನಿಗೆ ಬಂಜೆ ನೆಲದ ಪದ ಕಳಿಸಿದರೆ ಹೇಗೆ ಉರಿಯುತ್ತದೋ ನೋಡೋಣ ಎಂದೇ?

ಹಾಗಿದ್ದರೆ ಪದ ತಪ್ಪು ಆರಿಸಿದ್ದೀ. ಕೇಳಿಸಿಕೋ. ಈಗಿನ ಇಂಗ್ಲಿಷಿನಲ್ಲಿ ಎಫೀಟ್ ಎಂದರೆ ಸತ್ವವಿಲ್ಲದ, ಮೈಗಳ್ಳ, ನಾಜೂಕಿನ ಮನುಷ್ಯ. ಒಂದು ಕೊಡ ನೀರು ಎತ್ತಲಾರದ ದೊಡ್ಡ ಮನೆತನದ ಗಂಡಸರನ್ನು ಹಾಗೆ ಹೀಯಾಳಿಸುತ್ತಾರೆ. ಆದರೆ ಪದ ಹುಟ್ಟಿದ್ದು ಬೇರೆ ಕಡೆ. ಲ್ಯಾಟಿನ್ನಿನಲ್ಲಿ 'ಎಕ್ಸ್' ಎಂದರೆ ಹೊರಗೆ, 'ಫೀಟಸ್' ಎಂದರೆ ಹೆರುವುದು, ಹೆತ್ತ ಮರಿ. ಸ್ಕ್ಯಾನಿಂಗಿನಲ್ಲಿ ಡಾಕ್ಟರು ಹೊಟ್ಟೆಯೊಳಗಿನ ಕೂಸಿಗೆ ಹೇಳುವ ಪದವೂ ಅದೇ. ಎರಡೂ ಸೇರಿ, ಹೆತ್ತು ಹೆತ್ತು ಬಳಲಿ ಇನ್ನು ಹೆರಲಾರದ್ದು ಎಂದು ಅರ್ಥ. ಮೊದಮೊದಲು ಇದನ್ನು ಪ್ರಾಣಿಗಳಿಗೆ ಹೇಳುತ್ತಿದ್ದರು, ಆಮೇಲೆ ಬೆಳೆ ಕೊಟ್ಟು ಕೊಟ್ಟು ಸೋತ ನೆಲಕ್ಕೆ. ಮೈಗಳ್ಳರ ಪಾಲಿಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಹೆತ್ತು ದಣಿದವಳ ಪದ ಹೋಗಿ ಹೋಗಿ ಏನೂ ಮಾಡದವರ ಬೈಗುಳವಾಯಿತು. ಪದಗಳ ಹಣೆಬರಹವೂ ಹೆಂಗಸರ ಹಣೆಬರಹದಂತೆಯೇ ಇರುತ್ತದೆ.

ಆದ್ದರಿಂದ ಅದು ನನಗೆ ಹೊಂದುವುದಿಲ್ಲ. ಹೊಂದಿದರೆ ಏಳು ಹೆತ್ತು ಇಬ್ಬರನ್ನು ಉಳಿಸಿಕೊಂಡ ಅವ್ವನಿಗೆ ಹೊಂದಬೇಕು.

ಇನ್ನು ನನ್ನ ಸಂಶಯ. ಮಣ್ಣಿನ ಪರೀಕ್ಷೆ ಮಾಡುವವರು ಅಂಕಿ ಬರೆಯುತ್ತಾರೆ, ಇಂಥ ಅಲಂಕಾರದ ಪದ ಬರೆಯುವುದನ್ನು ನಾನು ಕಂಡಿಲ್ಲ. ಉಪ್ಪು ತುಂಬಿದ ಹೊಲದಲ್ಲಿ ಜೋಳ ಹೇಗೆ ನಿಂತಿದೆ? ಆ ಮೇಡಂ ನಿಜವಾಗಿ ಇದ್ದಾರೋ, ನೀನೇ ಯಾರಿಂದಲಾದರೂ ಬರೆಸಿದೆಯೋ? ಇದೆಲ್ಲ ತಿಳಿಯುವವರೆಗೆ ನನ್ನ ಸಹಿಯ ಆಸೆ ಬಿಡು.

ರೇಣುಕಾದೇವಿ

•

ಯಲಬುರ್ಗಾ
೩ ಫೆಬ್ರವರಿ ೨೦೨೫

ಅಕ್ಕ,

ನಿನ್ನ ಸಂಶಯಕ್ಕೇ ಒಂದು ಪ್ರತ್ಯೇಕ ಸರ್ವೆ ನಂಬರು ಕೊಡಿಸಬೇಕು, ಅಷ್ಟು ಎಕರೆ ಇದೆ ಅದು. ಅಂಜಲಿ ಮೇಡಂ ನಿಜವಾಗಿಯೂ ಇದ್ದಾರೆ. ಕೃಷಿ ಕಾಲೇಜಿನಿಂದ ಹೋದ ವರ್ಷವಷ್ಟೇ ಹೊರಬಿದ್ದವರು, ಮಾತಿಗೊಂದು ಇಂಗ್ಲಿಷ್ ಪದ ಉದುರಿಸುತ್ತಾರೆ. ಅವರ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ.

ಬಂಜೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಅರ್ಥ ಗೊತ್ತಿದ್ದರೆ ನಿನ್ನನ್ನು ಯಾಕೆ ಕೇಳುತ್ತಿದ್ದೆ? ನೀನು ಹಾಗೆ ಅಂದುಕೊಂಡದ್ದು ನನಗೆ ಭಾಳ ನೋವಾಯಿತು.

ನಿನ್ನ ಪತ್ರದ ಅರ್ಥದ ಭಾಗವನ್ನು ಮಾತ್ರ ಅವ್ವನಿಗೆ ಓದಿ ಹೇಳಿದೆ. ಹೊಲ ಹೆತ್ತು ಹೆತ್ತು ಬಳಲಿದೆಯಂತೆ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಆ ಚೀಲದಾಗಿನ ಮಣ್ಣ ನೋಡೇ ಹಂಗಂದ್ರೇನು?" ಎಂದು ಕೇಳಿದಳು. ಹೌದು ಎಂದೆ. ಎದ್ದು ಹಿತ್ತಲಿಗೆ ಹೋದಳು. ಮಾಳಿಗೆಗೆ ಹಾಕಲು ತಂದಿಟ್ಟ ಮಣ್ಣಿನ ಗುಡ್ಡೆಯ ಹತ್ತಿರ ಬಹಳ ಹೊತ್ತು ಕುಳಿತಿದ್ದಳು. ರೊಟ್ಟಿ ಕವಿತಾ ಮುಗಿಸಿದಳು. ಅಪ್ಪನ ಹೊಲದ ಸುದ್ದಿ ಕೇಳಿ ಮುದುಕಿಯ ಜೀವ ಎಷ್ಟು ಕುಗ್ಗಿತು ಎಂದು ನನಗೆ ಅಳು ಬಂತು.

ಲೀಸಿನ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ಓದು, ಸಿಟ್ಟಿನಲ್ಲಿ ಹರಿಯಬೇಡ.

ಪ್ರಭುರಾಜ

•

ಗಂಗಾವತಿ
೨೭ ಫೆಬ್ರವರಿ ೨೦೨೫

ಪ್ರಭು,

ಹರಿದಿಲ್ಲ. ಸಹಿಯನ್ನೂ ಮಾಡಿಲ್ಲ.

ಹೋದ ಭಾನುವಾರದ ಹಿಂದಿನ ಭಾನುವಾರ ನಾನು ಯಲಬುರ್ಗಾಕ್ಕೆ ಬಂದಿದ್ದೆ. ಮನೆಗೆ ಬರಲಿಲ್ಲ. ಬಸ್ಸಿಳಿದು ನೇರ ಹೊಲಕ್ಕೆ ಹೋದೆ. ಕೈಚೀಲದಲ್ಲಿ ಕಳೆ ತೆಗೆಯುವ ಕುರುಪಿ ಇತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಂತೆ ಬದುವಿನಿಂದ ದೂರ, ಹೊಲದ ನಡುವೆ ಅಲ್ಲಲ್ಲಿ ಕುಣಿ ತೋಡಿ ಮಣ್ಣು ತೆಗೆದೆ. ಜೋಳ ನನ್ನ ಭುಜಕ್ಕೆ ಬರುತ್ತಿತ್ತು. ತೆನೆಗಳ ನಡುವೆ ಕಳ್ಳಿಯಂತೆ ಬಗ್ಗಿ ಕುಳಿತು ನನ್ನ ಅಪ್ಪನ ಹೊಲವನ್ನೇ ನಾನು ಕದಿಯಬೇಕಾಯಿತು. ಪಕ್ಕದ ಹೊಲದ ದಾವಲಬೀ ಕಾಕಿ ನೋಡಿಬಿಟ್ಟಳು. "ಏನವಾ ರೇಣುಕಾ, ಮನಿಗೆ ಹೋಗಂಗಿಲ್ಲೇನು?" ಎಂದಳು. ಯಾರಿಗೂ ಹೇಳಬೇಡ ಎಂದು ಕೈಮುಗಿದು ಬಂದೆ.

ಇಲ್ಲಿ ಪರೀಕ್ಷೆ ಮಾಡಿಸಿದೆ. ಉಪ್ಪು ಇರಬೇಕಾದಷ್ಟೇ ಇದೆ. ಮಣ್ಣಿಗೆ ಸ್ವಲ್ಪ ಗೊಬ್ಬರದ ಕೊರತೆ, ಅಷ್ಟೇ. ಒಳ್ಳೆಯ ಎರೆಮಣ್ಣು ಎಂದರು.

ಈಗ ನೇರವಾಗಿ ಕೇಳುತ್ತೇನೆ. ಆ ಮೇಡಂಗೆ ಎಲ್ಲಿಯ ಮಣ್ಣು ಕೊಟ್ಟೆ? ಹೊಲ ಸತ್ತಿದೆ ಎಂದರೆ ಅಕ್ಕ ಸುಮ್ಮನೆ ಸಹಿ ಹಾಕುತ್ತಾಳೆ ಎಂದು ಲೆಕ್ಕ ಹಾಕಿದೆಯಾ? ಆ ಹೊಲ ಗಾಜಿನ ಹಲಗೆಗಳ ಕೆಳಗೆ ಹೋದರೆ ನನ್ನ ತವರು ಅಲ್ಲಿಗೆ ಮುಗಿಯಿತು. ಮನೆಯಂತೂ ನನ್ನದಾಗಿ ಉಳಿದಿಲ್ಲ.

ರೇಣುಕಾದೇವಿ

•

ಯಲಬುರ್ಗಾ
೧೯ ಮಾರ್ಚ್ ೨೦೨೫

ಅಕ್ಕ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟು ಇಳಿಯಲಿ ಎಂದು ಕಾದೆ. ಇಳಿದಿಲ್ಲ.

ನೀನು ಊರಿಗೆ ಬಂದು ಮನೆಗೆ ಬಾರದೆ ಹೋದೆ. ದಾವಲಬೀ ಕಾಕಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ, ಅವಳು ಅವ್ವನಿಗೆ ಹೇಳಿದಳು. ಅವ್ವ ಮರುದಿನ ಒಬ್ಬಳೇ ಹೊಲಕ್ಕೆ ಹೋಗಿ ನೀನು ತೋಡಿದ ಕುಣಿಗಳನ್ನೆಲ್ಲ ನೋಡಿ ಬಂದಳು. ರಾಶಿ ಮಾಡುವಾಗಲೂ ಏನೋ ಒಂದಿಷ್ಟು ತೆನೆ ಬೇರೆ ಕಟ್ಟಿಟ್ಟಳು. ಕೇಳಿದರೆ, "ನಿನ್ನ ಕೆಲಸ ನೀ ನೋಡು" ಎಂದಳು.

ನಿನ್ನ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಕೊಪ್ಪಳಕ್ಕೆ ಹೋಗಿ ಅಂಜಲಿ ಮೇಡಂ ಎದುರು ನಿಂತೆ. ಅವರಿಗೂ ಸಿಟ್ಟು ಬಂತು. "ನಿಮ್ಮ ಮನಿ ಅಮ್ಮಾರ ಕೈಯಿಂದನ ಇಸಕೊಂಡೀನ್ರಿ ಸರ. ಹೊಲಕ್ಕ ಹೋಗೂನ್ರಿ ಅಂದ್ರ, ಬಿಸಲಾಗ ನೀ ಯಾಕ ಹೊಕ್ಕಿಯವ್ವ, ಕುಂಡ್ರು, ನಾನ ತರತೀನಿ ಅಂದ್ರು. ಚಾ ಕೊಟ್ರು, ಉಡಿ ತುಂಬಿದ್ರು. ಅಷ್ಟು ಪ್ರೀತಿಲೆ ಕೊಟ್ಟ ಮಣ್ಣಿನ ಮ್ಯಾಲೆ ಸಂಶೆ ಮಾಡ್ಲೇನ್ರಿ?" ಎಂದರು. ತಾವು ಹೊಲಕ್ಕೆ ಹೋಗಲಿಲ್ಲ ಎಂಬುದನ್ನು ಮಾತ್ರ ಮೆಲ್ಲಗೆ ಹೇಳಿದರು. ಮನೆಗೆ ಬಂದು ಅವ್ವನನ್ನು ಕೇಳಿದೆ. "ನಮ್ಮ ಮಣ್ಣನ ಕೊಟ್ಟೀನಿ" ಎಂದಳು. ಅವಳ ಮಾತಿನ ಮೇಲೂ ನಿನಗೆ ಸಂಶಯವಿದ್ದರೆ ನನಗೆ ಬರೆಯಬೇಡ.

ಪ್ರಭುರಾಜ

•

ಗಂಗಾವತಿ
೨ ಏಪ್ರಿಲ್ ೨೦೨೫

ಪ್ರಭು,

ಬರೆಯಬೇಡ ಎಂದರೂ ಬರೆಯುತ್ತೇನೆ.

ಅವ್ವ ಸುಳ್ಳು ಹೇಳುವವಳಲ್ಲ. ನೀನು ಊರಲ್ಲಿರಲಿಲ್ಲ, ಒಪ್ಪಿದೆ. ಹಾಗಾದರೆ ಮನೆಯಲ್ಲಿ ಉಳಿದವರು ಯಾರು? ಅವ್ವ ಚಾ ಕೊಟ್ಟು ಉಡಿ ತುಂಬುತ್ತ ಕುಳಿತಾಗ ಆ ಚೀಲ ಯಾರ ಕೈಯಲ್ಲಿತ್ತು?

ನೀನು ಮರೆತಿರಬಹುದು, ನಾನು ಮರೆತಿಲ್ಲ. ಆರು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ಅಪ್ಪ ಹೋದ ಮೇಲಿನ ಮೊದಲ ಅಮಾವಾಸ್ಯೆ ಅದು. ಚಿಕ್ಕಂದಿನಿಂದ ಅಪ್ಪ ನನ್ನ ಕೈಯಿಂದಲೇ ಹೊಲದ ತುಂಬ ಚರಗ ಚೆಲ್ಲಿಸುತ್ತಿದ್ದ. ಭೂತಾಯಿ ಬಸುರಿ, ಅವಳ ಬಯಕೆಯ ಊಟ ಇದು, ಮನೆಮಗಳು ಬಡಿಸಿದರೆ ಅವಳು ತೃಪ್ತಿಯಾಗಿ ಉಣ್ಣುತ್ತಾಳೆ ಎನ್ನುತ್ತಿದ್ದ. ಅಂದು ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಕಲಸಿದ ಬುಟ್ಟಿ ಹಿಡಿದು ನಾನು ಹೊಲದ ಮೂಲೆಗೆ ಹೋಗುತ್ತಿದ್ದೆ. ಬಳಗವೆಲ್ಲ ಬನ್ನಿಗಿಡದ ಕೆಳಗೆ ಕುಳಿತಿತ್ತು. ಕವಿತಾ ಓಡಿ ಬಂದು, "ನೀವು ಬ್ಯಾಡ್ರಿ ಅಕ್ಕಾರ, ಕೊಡ್ರಿ ಇಲ್ಲೆ" ಎಂದು ಬುಟ್ಟಿ ಇಸಿದುಕೊಂಡಳು. ಆಗ ಅವಳಿಗೆ ಐದು ತಿಂಗಳು. ಯಾಕೆ ಬೇಡ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನೀನು ಎತ್ತಿನ ಕೊರಳು ಸವರುತ್ತ ನಿಂತಿದ್ದೆ.

ನನ್ನ ಕೈಯಿಂದ ಬುಟ್ಟಿ ಕಸಿದವಳಿಗೆ ಒಂದು ಚೀಲದ ಮಣ್ಣು ಬದಲಿಸುವುದು ದೊಡ್ಡದೇ? ಅವಳನ್ನು ಕೇಳು. ನನ್ನೆದುರು ಬಾಯಿಬಿಡದಿದ್ದರೂ ನಿನ್ನೆದುರು ಬಿಟ್ಟಾಳು.

ರೇಣುಕಾದೇವಿ

•

ಯಲಬುರ್ಗಾ
೨೫ ಮೇ ೨೦೨೫

ಅಕ್ಕ,

ಇದನ್ನು ಕುಳಿತು ಓದು.

ಕವಿತಾಳನ್ನು ನಾನು ಕೇಳಿದೆ. ಕೇಳಬಾರದಿತ್ತು. ಅವಳು ಅತ್ತಳು, ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಅವ್ವ ಅದನ್ನೆಲ್ಲ ನೋಡುತ್ತಿದ್ದಳು.

ಮೊನ್ನೆ ಮಾಳಿಗೆಯ ಕೆಲಸ ಹಿಡಿದೆವು. ಮಳೆ ಹಿಡಿಯುವ ಮೊದಲು ಪ್ರತಿ ವರ್ಷ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕುವುದು ನಿನಗೆ ಗೊತ್ತಲ್ಲ. ಉಪ್ಪಿನ ಮಣ್ಣು, ಹುಲ್ಲು ಬೇರು ಬಿಡುವುದಿಲ್ಲ, ನೀರು ಇಳಿಯುವುದಿಲ್ಲ. ನಾನು ಮೇಲೆ ನಿಂತಿದ್ದೆ, ಕವಿತಾ ಕೆಳಗೆ ಗುಡ್ಡೆಯಿಂದ ಬುಟ್ಟಿ ತುಂಬುತ್ತಿದ್ದಳು. ಗುಡ್ಡೆಯ ಹಿಂಬದಿಯಲ್ಲಿ ಯಾರೋ ಸಲಿಕೆಯಿಂದ ಬಗೆದು ಒಯ್ದ ಗುರುತು ಇತ್ತು. "ಇಲ್ಲೆ ಯಾರ್ರೀ ತೋಡ್ಯಾರ?" ಎಂದಳು. ಅವ್ವ ಒಳಗಿನಿಂದ ಬಂದು ನನ್ನನ್ನು ಕೆಳಗೆ ಕರೆದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ.

"ನಾನ ತೋಡೀನಿ. ಎಳ್ಳ ಅಮಾಸಿ ಮರುದಿನಪಾ ಅದು. ನಿನ್ನೆ ಚರಗ ಚಲ್ಲಿ ಬಯಕಿ ಊಟ ಉಣಿಸಿ ಬಂದೀವಿ, ಇವತ್ತು ಹೋಗಿ ಆಕಿ ಹೊಟ್ಟಿಗೆ ಸಲಿಕಿ ಹಾಕೂದಾ? ಬಸರಿ ಹೊಟ್ಟಿ ಬಗೀತಾರೇನು ಯಾರರ? ಆ ಹುಡಿಗಿನ್ನ ಬರೇ ಕೈಲೆ ಕಳಿಸಾಕೂ ಮನಸ್ಸಾಗಲಿಲ್ಲ. ಮಣ್ಣ ಬೇಕು ಅಂದ್ಲು, ಹಿತ್ತಲದಾಗ ಮಣ್ಣ ಇತ್ತು, ತುಂಬಿ ಕೊಟ್ಟೆ."

ನಾನು ಕೂಗಾಡಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀ ಕಾಗದ ಓದಿದ ದಿನಾನ ತಿಳೀತು. ಹೇಳಿದ್ರ ನೀ ಆಕಿನ್ನ ಮತ್ತ ಕರೀತಿದ್ದಿ, ಸಲಿಕಿ ಹಿಡ್ಕೊಂಡು ಬರತಿದ್ಲು. ಸುಗ್ಗಿ ಆಗ್ಲಿ ಅಂತ ಸುಮ್ಮನಿದ್ದೆ. ಆಮ್ಯಾಲೆ ನಿಮ್ಮಿಬ್ಬರ ಜಗಳಾ ನೋಡಿ ಅಂಜಿದೆ" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಳಿಗೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟ ರೈತ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಇನ್ನೊಂದು ಮಾತಿದೆ. ಬರೆಯದೆ ಬಿಡೋಣವೆಂದಿದ್ದೆ, ಅವ್ವ ಬಿಡಲಿಲ್ಲ. "ಬರಿ. ಅವತ್ತು ಬುಟ್ಟಿ ಇಸಕೊ ಅಂತ ಕವಿತಾಗ ಹೇಳಿದಾಕಿ ನಾನು. ಕವಿತಾ ಒಲ್ಲೆ ಅಂದಿದ್ಲು. ಬಸರಿ ನೆಲಕ್ಕ ಬಂಜಿ ಕೈ ಸೋಕಬಾರದು ಅಂತ ನಮ್ಮತ್ತಿ ಹೇಳ್ತಿದ್ಲು, ನಾ ಅಂಜಿದೆ. ಬರಿ" ಎಂದಳು.

ಬರೆದಿದ್ದೇನೆ. ಆ ಲೀಸಿನ ಕಾಗದಗಳನ್ನು ಒಲೆಗೆ ಹಾಕು.

ನಿನ್ನ ತಮ್ಮ,
ಪ್ರಭು

•

ಗಂಗಾವತಿ
೮ ಜೂನ್ ೨೦೨೫

ಪ್ರಭು,

ಕಾಗದಗಳನ್ನು ಒಲೆಗೆ ಹಾಕಿದೆ. ಕವಿತಾಗೆ ಬೇರೆ ಪತ್ರ ಬರೆದಿದ್ದೇನೆ, ಅದನ್ನು ನೀನು ಓದಬೇಡ.

ಆರು ವರ್ಷ ನಾನು ತಪ್ಪು ಮನುಷ್ಯರ ಮೇಲೆ ಸಂಶಯಪಟ್ಟೆ. ನಿನ್ನ ಮೇಲೆ, ಕವಿತಾಳ ಮೇಲೆ, ಆ ಹುಡುಗಿ ಅಂಜಲಿಯ ಮೇಲೆ, ಕೊನೆಗೆ ಒಂದು ಇಂಗ್ಲಿಷ್ ಪದದ ಮೇಲೂ. ಒಬ್ಬಳ ಮೇಲೆ ಮಾತ್ರ ಪಡಲಿಲ್ಲ. ಇಷ್ಟು ದಿನ ಹಬ್ಬಕ್ಕೊಮ್ಮೆ ಫೋನಿನಲ್ಲಿ ಅವಳು "ಹೆಂಗದಿಯವ್ವಾ" ಎಂದು ಕೇಳುತ್ತಿದ್ದಳು, ನಾನು ಛಲೋ ಅದೀನಿ ಎನ್ನುತ್ತಿದ್ದೆ. ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಅಂಜಲಿ ಮೇಡಂಗೆ ಹೇಳು, ಆ ಪದ ಹೊಲಕ್ಕೂ ಸಲ್ಲುವುದಿಲ್ಲ, ಚೀಲದ ಮಣ್ಣಿಗೂ ಸಲ್ಲುವುದಿಲ್ಲ. ಸವಳು ಮಣ್ಣು ಯಾವತ್ತೂ ಏನನ್ನೂ ಹೆತ್ತದ್ದಲ್ಲ, ಹೆತ್ತು ಬಳಲುವುದೆಲ್ಲಿಂದ ಬಂತು?

ಅವ್ವನಿಗೆ ಇದೊಂದನ್ನು ಓದಿ ಹೇಳು. ಏನೂ ಹುಟ್ಟದ ಮಣ್ಣನ್ನೇ ಹುಡುಕಿ ತಂದು ನೀನು ಪ್ರತಿ ವರ್ಷ ತಲೆಯ ಮೇಲೆ ಹಾಕಿಕೊಳ್ಳುತ್ತೀ. ಮಳೆಗಾಲದಲ್ಲಿ ಮನೆ ಸೋರದಂತೆ ಕಾಯುವುದು ಅದೇ. ಅದಕ್ಕೆ ಕೈ ಸೋಕಿದರೆ ನಿನಗೆ ಏನೂ ಆಗುವುದಿಲ್ಲ. ಮಗಳ ಕೈಗೆ ಮಾತ್ರ ಅಂಜಿದೆ.

ಇನ್ನು ಕೆಲವು ದಿನ ನನ್ನಿಂದ ಪತ್ರ ಬರದಿದ್ದರೆ ಕೇಳಬೇಡ.

ರೇಣುಕಾ

•

ಯಲಬುರ್ಗಾ
೭ ಡಿಸೆಂಬರ್ ೨೦೨೫

ಅಕ್ಕ,

ನೀನು ಕೇಳಬೇಡ ಎಂದೆ, ನಾನು ಕೇಳಲಿಲ್ಲ. ಈಗ ಅವ್ವ ಬರೆಸುತ್ತಿದ್ದಾಳೆ, ನನ್ನ ಮೇಲೆ ಸಿಟ್ಟಾಗಬೇಡ.

ನಿನ್ನ ಆ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಆ ರಾತ್ರಿ ದೊಡ್ಡ ಮಳೆ ಬಂತು. ಅವಳು ಕೆಳಗೆ ಚಾಪೆಯ ಮೇಲೆ ಮಲಗಿ ಮೇಲೆ ನೋಡುತ್ತಿದ್ದಳು ಎಂದು ಕವಿತಾ ಹೇಳಿದಳು. ಒಂದು ಹನಿಯೂ ಸೋರಲಿಲ್ಲ.

ರಾಶಿಯಲ್ಲಿ ಅವಳು ಬೇರೆ ಕಟ್ಟಿಟ್ಟ ತೆನೆಗಳ ವಿಷಯ ಬರೆದಿದ್ದೆನಲ್ಲ. ಬಿತ್ತನೆಯ ಹೊತ್ತಿಗೆ ಆ ಗಂಟು ಬಿಚ್ಚಿ ತಂದು, ಮೊದಲು ಇದನ್ನು ಬಿತ್ತು ಎಂದಳು. ಆಗ ಹೇಳಿದಳು, ಅವು ನೀನು ತೋಡಿದ ಕುಣಿಗಳ ಸುತ್ತ ಬೆಳೆದ ತೆನೆಗಳಂತೆ. ಈಗ ಆ ಜೋಳ ಹೊಲದ ಮುಂಭಾಗದಲ್ಲಿ ಹೊಡೆ ಒಡೆದು ತೆನೆ ಹಾಕಿ ನಿಂತಿದೆ. ಇಂದು ಬೆಳಿಗ್ಗೆ ಅವ್ವ ಹೇಳಿದ್ದು ಇದು:

"ಆಕಿಗೆ ಬರಿ. ಬಸರಿ ಹೊಟ್ಟಿ ಮುಟ್ಟಬಾರದು ಅಂತ ನಾ ಅಂಜಿದ್ದೆ. ಆಕಿ ಕುರುಪಿ ಹಾಕಿ ಬಗದು ಹೋದ್ಲು. ಕುಣಿ ಸುತ್ತ ಒಂದ ತೆನಿ ಜೊಳ್ಳ ಆಗಿರಲಿಲ್ಲ, ನಾ ಒಂದೊಂದ ತಿಕ್ಕಿ ನೋಡೀನಿ. ನೆಲಾನ ಏನೂ ಅನ್ನಲಿಲ್ಲ. ನೆಲ ಅನ್ನದ ಮಾತು ನಾ ಅಂದೆ. ಬರೂ ಅಮಾಸಿಗೆ ಆಕಿ ಬರೂತನಕ ಚರಗ ಚಲ್ಲಂಗಿಲ್ಲ. ಹೊತ್ತ ಮುಳುಗಿದ್ರೂ ಕುಂಡ್ರತೀನಿ."

ಅವಳ ಹಠ ನಿನಗೆ ಗೊತ್ತು, ನಿಜವಾಗಿಯೂ ಕೂತುಬಿಡುತ್ತಾಳೆ. ಬಾ ಅಕ್ಕ.

ಪ್ರಭು

•

ಗಂಗಾವತಿ
೧೨ ಡಿಸೆಂಬರ್ ೨೦೨೫

ಪ್ರಭು,

ಇದರ ಹಿಂದೆ ಇನ್ಯಾವ ಕಾಗದಕ್ಕೆ ಸಹಿ ಬೇಕಾಗಿದೆಯೋ ಎಂದು ಒಂದು ದಿನವೆಲ್ಲ ಯೋಚಿಸಿದೆ. ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಆಮೇಲೆ ಶಾಲೆಗೆ ರಜೆಯ ಅರ್ಜಿ ಕೊಟ್ಟೆ.

ಅವ್ವನ ಮೇಲಿನ ಸಿಟ್ಟು ಹೋಗಿದೆ ಎಂದು ಬರೆಯಲಾರೆ, ಹೋಗಿಲ್ಲ. ಆದರೆ ಮುದುಕಿ ಒಂದೊಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ನೋಡಿದಳು ಎಂಬುದನ್ನು ಓದಿ ನಾನು ಅಡುಗೆಮನೆಗೆ ಹೋಗಿ ಅತ್ತೆ. ನಿನ್ನ ಮಾಮಾ ಹೆದರಿ ಯಾರಿಗೇನಾಯಿತು ಎಂದು ಕೇಳಿದರು. ಜೋಳ ಚೆನ್ನಾಗಿ ಬಂದಿದೆಯಂತೆ ಎಂದೆ.

ಅಮಾವಾಸ್ಯೆಯ ದಿನ ಮೊದಲ ಬಸ್ಸಿಗೆ ಬರುತ್ತೇನೆ. ಈ ಸಲ ಮನೆಗೇ ಬರುತ್ತೇನೆ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹೆಚ್ಚಾಗಿ ಹಾಕಲು ಕವಿತಾಗೆ ಹೇಳು, ಅಪ್ಪ ಹಾಗೆಯೇ ಮಾಡಿಸುತ್ತಿದ್ದ.

ಒಂದು ಮಾತನ್ನು ಮಾತ್ರ ಅವ್ವನಿಗೆ ಇವತ್ತೇ ತಿಳಿಸು. ಬುಟ್ಟಿಯನ್ನು ನಾನೇ ಎತ್ತಿಕೊಳ್ಳುವುದಿಲ್ಲ, ಕವಿತಾಳ ಕೈಯಿಂದಲೂ ತೆಗೆದುಕೊಳ್ಳುವುದಿಲ್ಲ. ಬನ್ನಿಗಿಡದ ಕೆಳಗೆ ಬಳಗವೆಲ್ಲ ಕುಳಿತಿರುವಾಗ ಅವಳು ಎದ್ದು ಬಂದು ನನ್ನ ಕೈಗೆ ಕೊಡಬೇಕು. ಕೊಡುವಾಗ ಏನೂ ಹೇಳಬೇಕಾಗಿಲ್ಲ. ಕೊಟ್ಟರೆ ಸಾಕು.

ನಿನ್ನ ಅಕ್ಕ,
ರೇಣುಕಾ